ದಾದಿಯ ಕಾಲು

ಇಶಾ ನಮಾಜ್ ಮುಗಿದ ಮೇಲೆ ದಾದಿಯ ಕಾಲು ಒತ್ತುವುದು ನಮ್ಮ ಮನೆಯಲ್ಲಿ ನನ್ನ ಪಾಲಿನ ಕೆಲಸ. ಸಣ್ಣ ಬಟ್ಟಲಲ್ಲಿ ಎಳ್ಳೆಣ್ಣೆ ಬೆಚ್ಚಗೆ ಮಾಡಿಕೊಂಡು ಪಾದದಿಂದ ಶುರು ಮಾಡುತ್ತೇನೆ. ಹತ್ತು ನಿಮಿಷದಲ್ಲಿ ದಾದಿಯ ಕಣ್ಣು ಮುಚ್ಚಿರುತ್ತದೆ. "ನಿನ್ನ ಕೈಯಲ್ಲಿ ಶಿಫಾ ಇದೆ ಬೇಟಾ" ಎನ್ನುತ್ತಾರೆ. ನಿಜ ಹೇಳಬೇಕೆಂದರೆ, ಪರೀಕ್ಷೆ ಹತ್ತಿರ ಬಂದಾಗ ನನಗೆ ಬೇಸರವೂ ಆಗುತ್ತಿತ್ತು. ಒಂದು ಕೈಯಲ್ಲಿ ದಾದಿಯ ಕಾಲು, ಇನ್ನೊಂದರಲ್ಲಿ ಬಯಾಲಜಿ ನೋಟ್ಸ್.

ಮಾಲೀಶಿನಿಂದ ಬಿಗಿದ ಸ್ನಾಯು ಸಡಿಲವಾಗುತ್ತದೆ, ನೋವು ಸ್ವಲ್ಪ ಹೊತ್ತಿಗಾದರೂ ತಗ್ಗುತ್ತದೆ, ಮನಸ್ಸು ಹಗುರಾಗಿ ನಿದ್ದೆ ಬರುತ್ತದೆ. ಇದೇನು ಹೊಸ ವಿದ್ಯೆಯಲ್ಲ. ಸುಮಾರು 1000 ವರ್ಷಗಳ ಹಿಂದೆಯೇ ಇಬ್ನ್ ಸೀನಾ ತಮ್ಮ 'ಅಲ್ ಖಾನೂನ್' ಗ್ರಂಥದಲ್ಲಿ ಗಟ್ಟಿ ಮಾಲೀಶು, ಮೃದು ಮಾಲೀಶು ಎಂದು ವಿಂಗಡಿಸಿ, ಯಾವುದರಿಂದ ದೇಹಕ್ಕೆ ಏನಾಗುತ್ತದೆ ಎಂದು ಬರೆದಿದ್ದಾರೆ. ಯುನಾನಿ ವೈದ್ಯರು ಇಂದಿಗೂ ಅದನ್ನು 'ದಲ್ಕ್' ಎನ್ನುತ್ತಾರೆ. ದಾದಿಗೆ ಇದೆಲ್ಲ ಗೊತ್ತಿಲ್ಲ. ಅಬ್ಬಾ ಕೂಸಾಗಿದ್ದಾಗ ಎಣ್ಣೆ ತಿಕ್ಕಿ ಬಿಸಿನೀರು ಹಾಕಿದ್ದು ಗೊತ್ತು, ಅಷ್ಟೆ.

ಕಳೆದ ವರ್ಷ ದಾದಿ ಜ್ವರದಿಂದ ವಾರಗಟ್ಟಲೆ ಹಾಸಿಗೆ ಹಿಡಿದಿದ್ದರು. ಎದ್ದು ಓಡಾಡಲು ಶುರು ಮಾಡಿದ ಎರಡನೇ ದಿನ, ಎಡಗಾಲಿನ ಮೀನಖಂಡ ನೋಯುತ್ತಿದೆ, ಚೆನ್ನಾಗಿ ಒತ್ತು ಎಂದರು. ಎಣ್ಣೆ ಹಚ್ಚಿದೆ. ಕೈಗೆ ಬಿಸಿ ತಾಗಿತು. ಬಲಗಾಲಿನ ಪಕ್ಕ ಇಟ್ಟು ನೋಡಿದರೆ ಎಡಗಾಲು ಊದಿತ್ತು, ಚರ್ಮ ಹೊಳೆಯುತ್ತಿತ್ತು. "ಜೋರಾಗಿ ತಿಕ್ಕು, ಇಳಿಯುತ್ತೆ." ನಮ್ಮ ಓಣಿಯಲ್ಲಿ ಕಾಲು ಉಳುಕಿದರೂ ಊದಿದರೂ ತಿಕ್ಕುವುದೇ ಮದ್ದು. ಆದರೆ ದಿನಾ ಮುಟ್ಟುವ ಕಾಲು ಇದಲ್ಲ ಅನಿಸಿತು. ಅಮ್ಮಿಯನ್ನು ಕೂಗಿದೆ. ಕೆಲಸ ತಪ್ಪಿಸಿಕೊಳ್ಳೋಕೆ ನೆಪ ಎಂದು ದಾದಿಗೆ ಸಿಟ್ಟೇ ಬಂತು.

ಆ ರಾತ್ರಿಯೇ ಆಸ್ಪತ್ರೆಗೆ ಹೋದೆವು. ಡಾಪ್ಲರ್ ಸ್ಕ್ಯಾನ್ ಮಾಡಿ, ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಬಹಳ ದಿನ ಅಲುಗಾಡದೆ ಮಲಗಿದವರಿಗೆ ಹೀಗಾಗಬಹುದಂತೆ. ಡಾಕ್ಟರ್ ಮೊದಲು ಕೇಳಿದ್ದು, "ಯಾರಾದರೂ ಒತ್ತಿದಿರಾ?" ಒತ್ತಿದರೆ ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಕುತ್ತು ಬರಬಹುದು. ನಾನು ಎಣ್ಣೆ ಹಚ್ಚಿದ್ದೆ, ಅಷ್ಟೇ. ಆದರೂ ಉತ್ತರ ಹೇಳುವಾಗ ಗಂಟಲು ಒಣಗಿತ್ತು. ಮನೆಗೆ ಬಂದ ಮೇಲೂ ಕೈಯಲ್ಲಿ ಎಣ್ಣೆಯ ವಾಸನೆ ಇತ್ತು.

ತಿಂಗಳುಗಟ್ಟಲೆ ಮಾತ್ರೆ ನುಂಗಿ ದಾದಿ ಗುಣವಾದರು. ಡಾಕ್ಟರ್ ಒಪ್ಪಿಗೆ ಕೊಟ್ಟ ಮೇಲೆ ನನ್ನ ಕೆಲಸ ಮತ್ತೆ ಶುರುವಾಗಿದೆ. ಎಣ್ಣೆ ಬಿಸಿ ಮಾಡುವ ಮೊದಲು ಎರಡೂ ಕಾಲನ್ನು ದೀಪದ ಕೆಳಗೆ ಪಕ್ಕಪಕ್ಕ ಇಡಿಸಿ ನೋಡುತ್ತೇನೆ, ಮುಟ್ಟಿ ನೋಡುತ್ತೇನೆ. "ಬಂದಳು ನಮ್ಮ ಡಾಕ್ಟರಮ್ಮ, ಫೀಸು ಎಷ್ಟು?" ಎಂದು ದಾದಿ ರೇಗಿಸುತ್ತಾರೆ.

– ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ