ಕತ್ತರಿ ಯಾರ ಕಡೆ?

ಹಳೆಯ ಕಥೆಗಳನ್ನು ಮಕ್ಕಳಿಗಾಗಿ ಮತ್ತೆ ಬರೆಯುವವರ ಕೈಗೆ ಪೆನ್ನಿಗಿಂತ ಮೊದಲು ಬರುವುದು ಕತ್ತರಿ. ನನ್ನ ಕೈಗೂ ಬಂದಿದೆ. ಅದನ್ನು ಹಿಡಿದಾಗಲೆಲ್ಲ ನಾನು ಹೇಳಿಕೊಂಡದ್ದು ಒಂದೇ ಮಾತು: ಮಕ್ಕಳು ಹೆದರಬಾರದು. ಸಭೆಯಲ್ಲಿ ಹೇಳಿದರೆ ಎಲ್ಲರೂ ತಲೆದೂಗುವ ಮಾತು. ಆದರೆ ಮೂಲ ಕಥೆಯನ್ನೂ ನಾನು ಬರೆದದ್ದನ್ನೂ ಪಕ್ಕಪಕ್ಕ ಇಟ್ಟು ಓದಿದರೆ, ಕತ್ತರಿ ಆಡಿದ ಜಾಗದಲ್ಲಿ ಹೆದರುವಂಥದ್ದೇನೂ ಕಾಣುವುದಿಲ್ಲ. ರಾಕ್ಷಸ ಹಾಗೇ ಇದ್ದಾನೆ. ಏಳು ಸಮುದ್ರದಾಚೆಯ ಗಿಳಿಯ ಕತ್ತು ಮುರಿದಾಗ ಅವನು ಕೈಕಾಲು ಬಡಿದು ಸಾಯುವುದೂ ಹಾಗೇ ಇದೆ. ಹೋಗಿರುವುದು ಬೇರೆ.

ಹಂಚಿಯ ಕಥೆಯನ್ನೇ ನೋಡಿ. ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಇದನ್ನು ಕನ್ನಡದ ಸಿಂಡ್ರೆಲಾ ಎಂದು ಕರೆದರು. 1982ರಲ್ಲಿ ಜಾನಪದ ವಿದ್ವಾಂಸ ಅಲನ್ ಡಂಡಿಸ್ ಸಿಂಡ್ರೆಲಾ ಕುರಿತು ಸಂಪಾದಿಸಿದ ಗ್ರಂಥದಲ್ಲಿ ಇದೂ ಸೇರಿತು. ಚಿನ್ನದ ಕೂದಲಿನ ಹುಡುಗಿ. ಒಡಹುಟ್ಟಿದವನಿಗೇ ಅವಳ ಮೇಲೆ ಮನಸ್ಸಾಗುತ್ತದೆ. ತಾಯಿ ಮಗಳಿಗೊಂದು ಮಣ್ಣಿನ ಮುಖವಾಡ ಮಾಡಿಸಿ ಊರು ಬಿಡಿಸುತ್ತಾಳೆ. ಮುಂದೆ ಸಾಹುಕಾರನ ಮನೆ, ಅಡುಗೆ ಕೆಲಸ, ಮುಖವಾಡ ತೆಗೆದಾಗ ಅವಳನ್ನು ಕಂಡ ಕಿರಿಮಗ, ಮದುವೆ. ನನ್ನ ಪುಸ್ತಕದಲ್ಲಿ ಹುಡುಗಿ ಮನೆ ಬಿಡುವುದು ಮಲತಾಯಿಯ ಕಾಟಕ್ಕೆ. ಅಣ್ಣನ ಮಾನ ಉಳಿಯಿತು. ಮಗಳನ್ನು ಉಳಿಸಿದ ತಾಯಿ ಮಾತ್ರ ಕಥೆಯಿಂದ ಹೊರಬಿದ್ದಳು. ಇದಕ್ಕಾಗಿ ನಾನು ತಲೆ ಕೆಡಿಸಿಕೊಳ್ಳಲೂ ಇಲ್ಲ. ಕಥೆ ಬರೆಯುವವನ ಬಾಗಿಲಲ್ಲಿ ಮಲತಾಯಿ ಯಾವಾಗಲೂ ಸಿದ್ಧವಾಗಿ ನಿಂತಿರುತ್ತಾಳೆ.

ಗ್ರಿಮ್ ಸೋದರರ ಬಾಗಿಲಲ್ಲೂ ನಿಂತಿದ್ದಳು. 1812ರ ಮೊದಲ ಮುದ್ರಣದಲ್ಲಿ ಸ್ನೋ ವೈಟ್‌ಳನ್ನು ಕೊಲ್ಲಿಸ ಹೊರಟವಳು ಹೆತ್ತ ತಾಯಿಯೇ. 1819ರ ಹೊತ್ತಿಗೆ ಅವಳು ಮಲತಾಯಿಯಾಗಿದ್ದಳು. ಬಟ್ಟೆ ಯಾಕೋ ಬಿಗಿಯಾಗುತ್ತಿದೆ ಎಂದು ರಪುಂಜೆಲ್ ಕೇಳುವ, ಬಸುರಿನ ಸುಳಿವು ಕೊಡುವ ಮಾತೂ ಮುಂದಿನ ಮುದ್ರಣಗಳಲ್ಲಿ ಹೋಯಿತು. ಕಾದ ಕಬ್ಬಿಣದ ಪಾದರಕ್ಷೆ ತೊಟ್ಟು ಕುಣಿಕುಣಿದು ಸಾಯುವ ರಾಣಿ ಮಾತ್ರ ಉಳಿದಳು. ಮಕ್ಕಳ ಪುಸ್ತಕಕ್ಕೆ ಸುಡುವ ಕಬ್ಬಿಣ ಆಗುತ್ತದೆ, ಬಸುರು ಆಗುವುದಿಲ್ಲ. ಇದರಲ್ಲಿ ಮಕ್ಕಳ ಭಯ ಎಲ್ಲಿದೆ? ಇರುವುದು ದೊಡ್ಡವರ ಮುಜುಗರ.

ಹೂವಿನ ಗಿಡವಾಗುವ ಹುಡುಗಿಯ ಕಥೆಯಲ್ಲೂ ನನ್ನ ಕೈ ಹೀಗೇ ಓಡಿತು. ರಾಮಾನುಜನ್ ತೀರಿಕೊಂಡ ಮೇಲೆ 1997ರಲ್ಲಿ ಬಂದ ಅವರ ಇಂಗ್ಲಿಷ್ ಸಂಕಲನಕ್ಕೆ ಈ ಕಥೆಯದೇ ಹೆಸರು. ಗಿರೀಶ ಕಾರ್ನಾಡರ ‘ಚೆಲುವಿ’ ಚಿತ್ರವೂ 2006ರಲ್ಲಿ ವಿಯೆನ್ನಾದಲ್ಲಿ ರಂಗಕ್ಕೆ ಬಂದ ಜಾನ್ ಆಡಮ್ಸ್‌ರ ಒಪೆರಾವೂ ಇದರಿಂದಲೇ ಹುಟ್ಟಿದವು. ನೀರು ಸುರಿದರೆ ಹುಡುಗಿ ಗಿಡವಾಗುತ್ತಾಳೆ, ಮತ್ತೆ ಸುರಿದರೆ ಹುಡುಗಿಯಾಗುತ್ತಾಳೆ. ಕೂಲಿನಾಲಿ ಮಾಡಿ ಸಾಕುವ ತಾಯಿಗೆ ನೆರವಾಗಲೆಂದು ಶುರುಮಾಡಿದ್ದು ಅದು. ನಾದಿನಿ ಗಿಡದ ಕೊಂಬೆ ಮುರಿಯುತ್ತಾಳೆ, ಹುಡುಗಿ ಕೈಕಾಲಿಲ್ಲದ ಮುದ್ದೆಯಾಗಿ ಬೀದಿಗೆ ಬೀಳುತ್ತಾಳೆ. ಇಷ್ಟನ್ನೂ ನಾನು ಒಂದಕ್ಷರ ಬಿಡದೆ ಬರೆದೆ. ಆದರೆ ಅದಕ್ಕೂ ಮೊದಲು, ಮದುವೆಯಾದ ರಾಜಕುಮಾರ ದಿನವೂ ರಾತ್ರಿ ಗಿಡವಾಗು ಎಂದು ಅವಳನ್ನು ಒತ್ತಾಯಿಸುತ್ತಾನೆ. ಆ ಭಾಗದ ಮೇಲೆ ‘ಇಬ್ಬರೂ ಸುಖವಾಗಿದ್ದರು’ ಎಂಬ ಸಾಲು ಎಳೆದುಬಿಟ್ಟೆ. ಇಲ್ಲೂ ಗಂಡಸು ಪಾರಾದ, ಹೆಂಗಸು ಸಿಕ್ಕಿಬಿದ್ದಳು.

ನಾನು ಕಥೆ ಕೇಳಿ ಬೆಳೆದದ್ದು ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಸೀಮೆಯಲ್ಲಿ. ಸೊಪ್ಪು ಹದಮಾಡುವ ಬ್ಯಾರನ್ ಮುಂದೆ ಕೂತು ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದ ಹೆಂಗಸರೇ ನನಗೆ ಅಡುಗೂಲಜ್ಜಿಯರು. ಅವರ ಬಳಿ ಕತ್ತರಿ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಯಾರದಾದರೂ ಮಾವ ಬಂದು ಕೂತರೆ ಕಥೆ ದಾರಿ ಬದಲಿಸುತ್ತಿತ್ತು. ಅವರು ಎದ್ದು ಹೋದರೆ ಮತ್ತೆ ಹಳೇ ದಾರಿ. ನಾವು ಮಕ್ಕಳು ಎರಡಕ್ಕೂ ಹೂಂಗುಟ್ಟುತ್ತಿದ್ದೆವು, ಯಾಕೆ ಬದಲಾಯಿತೆಂದೂ ನಮಗೆ ಗೊತ್ತಾಗುತ್ತಿತ್ತು. ಹಂಚಿಯ ಅಣ್ಣನ ಬಗ್ಗೆ ‘ಅವನ ಬುದ್ಧಿ ಕೆಟ್ಟೋಯ್ತು’ ಎಂಬ ಮೂರು ಮಾತಿನಲ್ಲಿ ಆ ಹೆಂಗಸರು ದಾಟಿಸುತ್ತಿದ್ದುದನ್ನು ಹೇಳಲಾರದೆ ನಾನು ಪುಟಗಟ್ಟಲೆ ಮಲತಾಯಿಯನ್ನು ಕಟ್ಟಿದೆ. ನನ್ನ ಪುಸ್ತಕದಲ್ಲಿ ಮಾವ ಎದ್ದು ಹೋಗುವುದೇ ಇಲ್ಲ.

ಮನೆಯೊಳಗಿನ ಈ ಪಕ್ಷಪಾತ ಕಾಡಿಗೂ ಹಬ್ಬಿದೆ ಎಂದು ತೋರಿಸಿಕೊಟ್ಟವನು ಎಚ್.ಡಿ. ಕೋಟೆ ಕಡೆಯ ಶಾಲೆಯೊಂದರಲ್ಲಿ ನನ್ನ ಕಥೆ ಕೇಳುತ್ತಿದ್ದ, ಬುಡಕಟ್ಟಿನವರ ಹಾಡಿಯ ಹುಡುಗ. ರಾಜಕುಮಾರ ಬೇಟೆಗೆ ಹೋದ, ದಟ್ಟ ಕಾಡು, ನರಪಿಳ್ಳೆ ಇಲ್ಲ ಎಂದು ನಾನು ರಾಗ ಎಳೆಯುತ್ತಿದ್ದೆ. ‘ಸಾ, ಆ ಕಾಡಲ್ಲಿ ಹಾಡಿ ಇರ್ಲಿಲ್ವಾ?’ ಎಂದ. ಅದೇ ತಾಲ್ಲೂಕಿನ ಕಾಕನಕೋಟೆಗೆ ಅರಸರು ನಿಜವಾಗಿ ಬರುತ್ತಿದ್ದರು, ಅತಿಥಿಗಳ ಎದುರು ಆನೆಗಳ ಹಿಂಡನ್ನೇ ಖೆಡ್ಡಾಕ್ಕೆ ಕೆಡವುತ್ತಿದ್ದರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆನೆಯ ಜಾಡು ಬಲ್ಲ, ಹಾಡಿಗಳ ಕುರುಬರಿಲ್ಲದೆ ಅದು ಸಾಗುತ್ತಿರಲಿಲ್ಲ. ಆಮೇಲೆ ಕಬಿನಿ ಅಣೆಕಟ್ಟೆಯ ನೀರು ಬಂತು, ನಾಗರಹೊಳೆ ಕಾಡಿಗೆ ಗಡಿ ಬಂತು, ಜೇನುಕುರುಬರ ಎಷ್ಟೋ ಮನೆಗಳು ಹುಣಸೂರು ತಾಲ್ಲೂಕಿನ ನಾಗಾಪುರಕ್ಕೆ ಬಂದವು. ಅವರನ್ನು ಕಾಡಿನಿಂದ ಹೊರತಂದವರು ಯಾರೋ. ಕಥೆಯಿಂದ ಹೊರಹಾಕಿದವನು ನಾನು.

ಊರಿನ ಕಥೆಗಳು ಅಷ್ಟು ಕೃಪಣವಲ್ಲ. ಕೆ.ಆರ್. ನಗರದ ಕಡೆಯ ಚುಂಚನಕಟ್ಟೆಯಲ್ಲಿ ವನವಾಸದ ರಾಮ ಸೀತೆಯರನ್ನು ಉಪಚರಿಸಿದವರು ಚುಂಚ, ಚುಂಚಿ ಎಂಬ ಕಾಡಿನ ಗಂಡಹೆಂಡಿರು. ಸೀತೆಯ ಸ್ನಾನಕ್ಕೆಂದು ಬಾಣ ತಗುಲಿದ ಬಂಡೆಯಿಂದ ಎಣ್ಣೆ, ಸೀಗೆ, ಅರಿಶಿನದ ಬಣ್ಣದ ನೀರು ಹರಿಯಿತೆಂದು ಹೇಳುತ್ತಾರೆ. ಬಾಣ ಲಕ್ಷ್ಮಣನದು, ಗುಡಿ ರಾಮನದು, ಊರಿನ ಹೆಸರು ಚುಂಚನದು. ಕಾಕನಕೋಟೆಯೂ ಕುರುಬರ ನಾಯಕ ಕಾಕನ ಹೆಸರನ್ನೇ ಹೊತ್ತಿದೆ. ಮಾಯೆ ಎಂದು ನಾನು ಬಂಡೆಯ ನೀರನ್ನು ಮಾತ್ರ ಎತ್ತಿಕೊಂಡೆ, ಮನೆಗೆ ಕರೆದವರನ್ನು ಬಿಟ್ಟೆ.

ಈಗ ಹಂಚಿಯನ್ನು ಮತ್ತೆ ಬರೆಯುತ್ತಿದ್ದೇನೆ, ತಾಯಿಯ ಕೈಗೇ ಮುಖವಾಡ ಕೊಟ್ಟು. ಅಪಾಯ ಸದಾ ಹೊರಗಿನಿಂದ ಬಂದ ಹೆಂಗಸಿನಿಂದಲೇ ಬರುತ್ತದೆ ಎಂದು ಓದಿದ ಮಗು, ತನ್ನ ಮನೆಯವನೇ ಕೈ ಹಾಕಿದರೆ ಯಾರ ಹತ್ತಿರ ಹೋಗಬೇಕೆಂದು ತಿಳಿಯದೆ ನಿಲ್ಲುತ್ತದೆ. ಆ ಮಗುವಿಗೆ ಅಂಥ ತಾಯಿಯೊಬ್ಬಳು ಕಥೆಯಲ್ಲಾದರೂ ಸಿಗಬೇಕು.

ಆದರೆ ನನ್ನನ್ನು ನಾನು ಪೂರ್ತಿ ನಂಬಲಾರೆ. ಹೆಣ್ಣಿನ ಪರ ಬರೆದರೆ ಚಪ್ಪಾಳೆ ಬೀಳುವ ಕಾಲವಿದು. ಮೊದಲು ಮಾವನಿಗೆ ಅಂಜಿ ಕತ್ತರಿಸಿದವನು ಈಗ ಚಪ್ಪಾಳೆಗೆ ಆಸೆಪಟ್ಟು ಹೊಲಿಯುತ್ತಿರಬಹುದು. ಎರಡರಲ್ಲೂ ಮಗು ನೆಪ. ಹಾಡಿಯ ಹುಡುಗನ ಪ್ರಶ್ನೆಗೆ ಚಪ್ಪಾಳೆಯ ಆಸೆಯಿಲ್ಲ. ಅವನ ಜನ ತುಂಬಿದ ಕಾಡಿನೊಳಗೆ ಬಿಲ್ಲು ಹಿಡಿದು ಬರುವ ರಾಜಕುಮಾರ ನಾಯಕನಾಗಿ ಉಳಿಯುವುದು ಕಷ್ಟ, ಅಂಥ ಪುಸ್ತಕವನ್ನು ಹುಟ್ಟುಹಬ್ಬಕ್ಕೆ ಕೊಳ್ಳುವವರೂ ಕಡಿಮೆ. ಅದನ್ನು ನಾನು ಇನ್ನೂ ಬರೆದಿಲ್ಲ. ನನ್ನ ಕತ್ತರಿ ಪಕ್ಷ ಬದಲಿಸಿದೆಯೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಅದನ್ನು ಬರೆದಾಗಲೇ ಹೊರತು ಹಂಚಿಯನ್ನು ತಿದ್ದಿದ್ದರಿಂದಲ್ಲ.