ಮದ್ದು ಬಿಡುವವ ಬಿದ್ದ ವರ್ಷ

ಎರಡನೇ ಮದ್ದಿನ ಹೊತ್ತು ಬಂತು. ಮೊದಲ ಮದ್ದು ಬಿಟ್ಟು 40 ದಿನ ದಾಟಿದವರು ಬಿಸಿಲು ಕಂಡ ದಿನ ಕಾಯಬೇಡಿ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ, ಎಲ್ಲರಿಗೂ ಗೊತ್ತಿದ್ದದ್ದೇ. ಇವತ್ತು ಬರೆಯುವುದು ಅದಲ್ಲ.

ಹೋದ ವರ್ಷ ಇದೇ ಸಮಯಕ್ಕೆ ನಮ್ಮ ತೋಟದಲ್ಲಿ ಮದ್ದು ಬಿಡುತ್ತಿದ್ದವ ಬಿದ್ದ. 11 ವರ್ಷದಿಂದ ನಮ್ಮಲ್ಲಿಗೆ ಬರುವವ. ಮರದಿಂದ ಮರಕ್ಕೆ ದಾಟುವಾಗ ತುದಿಯೇ ಮುರಿಯಿತು. ಬೆನ್ನುಮೂಳೆಗೆ ಪೆಟ್ಟು. ಈಗ ಎದ್ದು ಕೂರುತ್ತಾನೆ, ನಡೆಯಲಿಕ್ಕೆ ಆಗುವುದಿಲ್ಲ. 2 ಮಕ್ಕಳು, ದೊಡ್ಡವಳು ಒಂಬತ್ತನೇ ಕ್ಲಾಸು.

ಅದೇ ಸಂಜೆ ಪೇಟೆಯಲ್ಲಿ ಮಾತು, ಕುಡಿದಿರಬೇಕು ಅಂತ. ಕುಡಿದಿರಲಿಲ್ಲ ಮಾರಾಯ್ರೆ. ನಮ್ಮ ಜಗಲಿಯಲ್ಲೇ ಕೂತು ಚಾ ಕುಡಿದು ಮರ ಹತ್ತಿದವ. ಆದರೆ ಆ ಮಾತು ಬಂದಾಗ ನಾನು ಅಲ್ಲ ಅನ್ನಲಿಲ್ಲ, ಸುಮ್ಮನಿದ್ದೆ. ಅವನ ತಪ್ಪು ಅಂತಾದರೆ ನನಗೆ ರಾತ್ರಿ ನಿದ್ದೆ ಬರುತ್ತದಲ್ಲ, ಅದಕ್ಕೆ. ಆ ಮರದ ತುದಿ ಸೊರಗಿದ್ದು ನಾನು ನೋಡಿದ್ದೆ. ಹೇಳಲು ಮರೆತಿದ್ದೆ.

ನಾವು ಆಯ್ತವಾರ ತಪ್ಪದೆ ಇಗರ್ಜಿಗೆ ಹೋಗುವವರು. ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ದೇವರು ಮಳೆ ಸುರಿಸುತ್ತಾನೆ ಅಂತ ಯೇಸು ಹೇಳಿದ್ದು ಚಿಕ್ಕಂದಿನಿಂದ ಕೇಳಿದ್ದೇ. ಅಡಿಕೆಯವನಿಗೆ ಬಿಡಿಸಿ ಹೇಳಬೇಕಾಗಿಲ್ಲ, ಕೊಳೆರೋಗ ಬರುವುದೂ ಅದೇ ಮಳೆಯಲ್ಲಿ. ಆದರೆ ಆಸ್ಪತ್ರೆಯ ವರಾಂಡದಲ್ಲಿ ಅವನ ಹೆಂಡತಿಯ ಎದುರು ನಿಂತಾಗ ಆ ಮಾತು ಬಾಯಿಗೆ ಬರಲಿಲ್ಲ. ದೇವರ ಚಿತ್ತ ಅಂತ ಹೇಳಲು ಸುಲಭ, ಬಿದ್ದವರು ನಾವಲ್ಲವಲ್ಲ.

ಆ ದಿನಗಳಲ್ಲಿ ಲೂಕನ ಶುಭಸಂದೇಶದ 13ನೇ ಅಧ್ಯಾಯ ತೆಗೆದು ಓದಿದೆ. ಸಿಲೋವಾಮ್ ಎಂಬಲ್ಲಿ ಗೋಪುರ ಬಿದ್ದು 18 ಜನ ಸತ್ತಿದ್ದರು. ಅವರು ಜೆರುಸಲೇಮಿನ ಉಳಿದವರಿಗಿಂತ ಹೆಚ್ಚು ಪಾಪಿಗಳೋ? ಅಲ್ಲ ಅನ್ನುತ್ತಾನೆ ಯೇಸು. ನೀವು ತಿರುಗಿಕೊಳ್ಳಿ ಅಂತ ಕೇಳುವವರ ಕಡೆಗೇ ಮಾತು ತಿರುಗಿಸುತ್ತಾನೆ. ಗೋಪುರ ಯಾಕೆ ಬಿತ್ತು ಅಂತ ಮಾತ್ರ ಹೇಳುವುದಿಲ್ಲ. ನನಗೆ ಮೊದಲು ಸಿಟ್ಟೇ ಬಂತು. ಯೋಬನಿಗೂ ಹಾಗೇ, ಅಷ್ಟು ಕೇಳಿದರೂ ಕಾರಣ ಸಿಗಲಿಲ್ಲ. ಅವನ ಪಾಪದ ಲೆಕ್ಕ ಹುಡುಕಿದ 3 ಜನ ಗೆಳೆಯರ ಮೇಲೆ ದೇವರಿಗೆ ಕೋಪ ಬಂತು. ಪೇಟೆಯಲ್ಲಿ ಆ ಗೆಳೆಯರ ಸಾಲಿನಲ್ಲಿ ನಾನೂ ನಿಂತಿದ್ದೆ.

ಗೋಪುರದ ಮಾತಿನ ಬೆನ್ನಿಗೇ ಅಂಜೂರದ ಮರದ ಕಥೆ. 3 ವರ್ಷ ನೋಡಿದರೂ ಹಣ್ಣಿಲ್ಲ, ಕಡಿ ಅನ್ನುತ್ತಾನೆ ಯಜಮಾನ. ತೋಟದ ಆಳು ಹೇಳುತ್ತಾನೆ, ಇದೊಂದು ವರ್ಷ ಇರಲಿ, ಬುಡ ಬಿಡಿಸಿ ಗೊಬ್ಬರ ಹಾಕುತ್ತೇನೆ ಅಂತ. ಆಮೇಲೆ ಹಣ್ಣು ಬಿಟ್ಟಿತೋ ಇಲ್ಲವೋ, ಕಥೆಯಲ್ಲಿ ಇಲ್ಲ. ಆ ಒಂದು ವರ್ಷ ನನಗೆ ಕೊಟ್ಟದ್ದು ಅಂತ ಅನ್ನಿಸಿತು.

ಅವನ ಮನೆಗೆ ಹೋಗಿ ಮರದ ವಿಷಯ ಹೇಳಿದೆ. ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಪೊರ್ಬುಗಳೇ, ನಾನೂ ನೋಡಿದ್ದೆ. ಒಂದು ಮರಕ್ಕಾಗಿ ಇಳಿದು ಹತ್ತುವುದು ಯಾಕೆ ಅಂತ ದಾಟಿದೆ" ಅಂದ. ನಿಜವೋ, ನನ್ನ ಸಮಾಧಾನಕ್ಕೆ ಹೇಳಿದ್ದೋ, ಇವತ್ತಿಗೂ ಗೊತ್ತಿಲ್ಲ.

ಈ ವರ್ಷ ದೋಟಿಯಲ್ಲಿ ನೆಲದಿಂದಲೇ ಮದ್ದು. ಎತ್ತರದ ಗೊನೆಗೆ ಸರಿಯಾಗಿ ತಾಗುವುದಿಲ್ಲ, ಒಂದಿಷ್ಟು ಉದುರುತ್ತದೆ, ಉದುರಲಿ. ಅಡಿಕೆ ಮಾರಿದ್ದರಲ್ಲಿ ಅವನ ಕೂಲಿ ಅಂತ ಒಂದು ಪಾಲು ತೆಗೆದಿಡುತ್ತೇವೆ, ಮಗಳ ಎಸ್ಸೆಸ್ಸೆಲ್ಸಿ ಮುಗಿಯುವವರೆಗಾದರೂ. ಲೆಕ್ಕ ಚುಕ್ತಾ ಆಯಿತು ಅಂತ ಅಲ್ಲ. ತುದಿ ಸೊರಗಿದ ಮರಗಳಿಗೆ ಕೆಂಪು ಪೈಂಟ್ ಬಳಿದಿದ್ದೇನೆ, 14 ಸಿಕ್ಕಿದವು. ಮರ ಹತ್ತಿಸುವವರು ಮದ್ದಿನವರು ಬರುವ ಮೊದಲು ನಿಮ್ಮ ತೋಟದಲ್ಲೂ ಒಂದು ಸುತ್ತು ನೋಡಿ ಬನ್ನಿ.