ಗುಜರಿಯಿಂದೆದ್ದ ರಥ

ಹಾಟ್ ರಾಡ್ ಎಂಬ ಮಾತನ್ನು ನಮ್ಮಲ್ಲಿ ಹೆಚ್ಚು ಮಂದಿ ಕೇಳಿರಲಾರರು. ಕೇಳಿದವರೂ ಅದನ್ನು ಸಿರಿವಂತರ ಮಕ್ಕಳ ಅಬ್ಬರದ ವಾಹನವೆಂದು ತಿಳಿದಿರುವುದೇ ಹೆಚ್ಚು. ವಾಸ್ತವವಾಗಿ ಅದು ಹುಟ್ಟಿದ್ದು ಕೈಯಲ್ಲಿ ಕಾಸಿಲ್ಲದ ಹುಡುಗರ ಹಿತ್ತಲಿನಲ್ಲಿ.

ಅಮೆರಿಕದ ಫೋರ್ಡ್ ಕಂಪನಿಯು 1908ರಿಂದ 1927ರವರೆಗೆ ಮಾಡೆಲ್ ಟಿ ಎಂಬ ಕಾರನ್ನು ಒಂದೂವರೆ ಕೋಟಿಗೂ ಮಿಕ್ಕಿ ತಯಾರಿಸಿತು. ಅದರ ಬೆನ್ನಿಗೆ ಬಂದ ಮಾಡೆಲ್ ಎ 1931ರವರೆಗೆ ಸುಮಾರು ನಲವತ್ತೆಂಟು ಲಕ್ಷ ಸಂಖ್ಯೆಯಲ್ಲಿ ಹೊರಬಂದಿತು. ಇಷ್ಟೊಂದು ಕಾರುಗಳು ಹಳತಾದಾಗ ಎಲ್ಲಿಗೆ ಹೋಗಬೇಕು? ಗುಜರಿಗೆ. 1930ರ ದಶಕದ ಆರ್ಥಿಕ ಕುಸಿತದ ದಿನಗಳಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಆ ಗುಜರಿಯಿಂದ ಪುಡಿಗಾಸಿಗೆ ಕಾರುಗಳನ್ನು ಕೊಂಡು ತಂದು, ಮಡ್‌ಗಾರ್ಡ್, ಬಾನೆಟ್, ಮೇಲ್ಛಾವಣಿ, ಮುಂದಿನ ಗಾಜು ಎಲ್ಲವನ್ನೂ ಕಳಚಿ ಹಾಕಿದರು. ಭಾರ ಕಡಿಮೆಯಾದರೆ ಅದೇ ಬಲಕ್ಕೆ ಹೆಚ್ಚು ವೇಗೋತ್ಕರ್ಷ ಎಂಬ ನ್ಯೂಟನ್ನನ ಎರಡನೆಯ ನಿಯಮವನ್ನು ಅವರು ಪುಸ್ತಕದಿಂದ ಕಲಿತರೋ ಇಲ್ಲವೋ ತಿಳಿಯದು, ಆಚರಣೆಯಲ್ಲಂತೂ ತಂದರು.

ಲಾಸ್ ಏಂಜಲೀಸಿನ ಉತ್ತರಕ್ಕೆ, ಬೆಟ್ಟಗಳನ್ನು ದಾಟಿದರೆ, ಮೊಹಾವೆ ಮರುಭೂಮಿಯಲ್ಲಿ ಬತ್ತಿದ ಸರೋವರಗಳಿವೆ. ಮ್ಯೂರಾಕ್, ಎಲ್ ಮಿರಾಜ್ ಮುಂತಾದ ಈ ಬಯಲುಗಳು ಬೇಸಗೆಯಲ್ಲಿ ಸಗಣಿ ಸಾರಿಸಿ ಒಣಗಿಸಿದ ಕಣದಂತೆ ಗಟ್ಟಿಯಾಗಿ, ಸಪಾಟಾಗಿ ಮೈಲಿಗಟ್ಟಲೆ ಹಬ್ಬಿರುತ್ತವೆ. ತಮ್ಮ ಕಾರುಗಳನ್ನು ಓಡಿಸಿ ನೋಡಲು ಹುಡುಗರು ಅಲ್ಲಿಗೆ ಹೋಗುತ್ತಿದ್ದರು. ಓಟಕ್ಕೊಂದು ಶಿಸ್ತು ಬೇಕೆಂದು ಹಲವು ಕ್ಲಬ್ಬುಗಳು ಕೂಡಿ 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಕಟ್ಟಿಕೊಂಡವು. ಮ್ಯೂರಾಕ್ ಮುಂದೆ ಸೇನೆಯ ವಿಮಾನ ನೆಲೆಯ ಪಾಲಾಯಿತು. ಇಂದಿನ ಎಡ್ವರ್ಡ್ಸ್ ವಾಯುನೆಲೆ ಇರುವುದು ಅಲ್ಲಿಯೇ.

ಈ ಹುಡುಗರ ಪಾಲಿಗೆ ದೊರೆತ ದೊಡ್ಡ ವರವೆಂದರೆ 1932ರಲ್ಲಿ ಫೋರ್ಡ್ ಹೊರತಂದ ಎಂಟು ಸಿಲಿಂಡರುಗಳ ವಿ-8 ಎಂಜಿನ್. ಅಂಥ ಎಂಜಿನ್ ಅದುವರೆಗೆ ದುಬಾರಿ ಕಾರುಗಳಲ್ಲಿ ಮಾತ್ರ ಇತ್ತು. ಎರಡು ಸಾಲಿನ ಸಿಲಿಂಡರುಗಳನ್ನು ಒಂದೇ ಎರಕದಲ್ಲಿ ಹೊಯ್ಯುವ ವಿಧಾನವನ್ನು ಸಾಧಿಸಿ ಹೆನ್ರಿ ಫೋರ್ಡರು ಅದನ್ನು ಸಾಮಾನ್ಯರ ಕಾರಿಗೆ ತಂದರು. ಮೊದಲ ವರ್ಷ ಅದರ ಶಕ್ತಿ 65 ಅಶ್ವಶಕ್ತಿ. 1946ರ ವೇಳೆಗೆ ನೂರು. ಕವಾಟಗಳೆಲ್ಲ ಸಿಲಿಂಡರಿನ ಪಕ್ಕದಲ್ಲಿಯೇ ಕುಳಿತಿರುವುದರಿಂದ ಎಂಜಿನ್ನಿನ ತಲೆಯು ಬರಿಯ ಚಪ್ಪಟೆ ಮುಚ್ಚಳ. ಆದುದರಿಂದಲೇ ಅದಕ್ಕೆ ಫ್ಲ್ಯಾಟ್‌ಹೆಡ್ ಎಂದು ಹೆಸರು. ಇದಕ್ಕೆ ಒಂದರ ಬದಲು ಎರಡು ಮೂರು ಕಾರ್ಬ್ಯುರೇಟರ್ ಜೋಡಿಸುವುದು, ಸಿಲಿಂಡರುಗಳನ್ನು ಕೊರೆದು ಅಗಲಿಸುವುದು, ಕ್ಯಾಮ್ ದಂಡವನ್ನು ಸಾಣೆ ಹಿಡಿದು ಕವಾಟಗಳು ಹೆಚ್ಚು ಹೊತ್ತು ತೆರೆದಿರುವಂತೆ ಮಾಡುವುದು, ಇವೇ ಹುಡುಗರ ವಿದ್ಯೆ. ಎಡ್ ವಿನ್‌ಫೀಲ್ಡ್, ವಿಕ್ ಎಡಲ್‌ಬ್ರಾಕ್ ಮುಂತಾದವರು ಇಂಥ ಕೈಕೆಲಸದಿಂದಲೇ ಹೆಸರಾದರು.

ಎರಡನೆಯ ಮಹಾಯುದ್ಧಕ್ಕೆ ಹೋದ ಹುಡುಗರು ಯಂತ್ರಗಳಲ್ಲಿ ಪಳಗಿ ಹಿಂದಿರುಗಿದರು. 1946ರಲ್ಲಿ ಬಿಲ್ ಬರ್ಕ್ ಎಂಬುವರು ಯುದ್ಧವಿಮಾನದ ಹೊಟ್ಟೆಗೆ ಕಟ್ಟುವ ಹೆಚ್ಚುವರಿ ಇಂಧನ ತೊಟ್ಟಿಯನ್ನೇ ಕಾರಿನ ಒಡಲಾಗಿ ಮಾಡಿದರು. 1948ರ ಜನವರಿಯಲ್ಲಿ ಹಾಟ್ ರಾಡ್ ಪತ್ರಿಕೆ ಆರಂಭವಾಯಿತು. 1949ರಲ್ಲಿ ಯೂಟಾ ರಾಜ್ಯದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ವೇಗ ಸಪ್ತಾಹ ನಡೆಯಿತು. ಬೀದಿಯ ಅಪಾಯಕರ ಪಂದ್ಯಗಳನ್ನು ಕಾವಲುಳ್ಳ ಅಂಕಣಕ್ಕೆ ಒಯ್ಯಬೇಕೆಂದು ವಾಲಿ ಪಾರ್ಕ್ಸ್ 1951ರಲ್ಲಿ ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದರು.

ಇಷ್ಟನ್ನೂ ನಾನು ತಿಳಿದದ್ದು 2023ರ ಬೇಸಗೆಯಲ್ಲಿ, ಲಾಸ್ ಏಂಜಲೀಸಿನ ಹೊರವಲಯದಲ್ಲಿರುವ ಮಗಳ ಮನೆಯಲ್ಲಿ ಐದು ತಿಂಗಳು ತಂಗಿದ್ದಾಗ. ನೆರೆಮನೆಯ ಹಿರಿಯರೊಬ್ಬರು, ಎಪ್ಪತ್ತು ದಾಟಿದವರು, ತಮ್ಮ ಗ್ಯಾರೇಜಿನಲ್ಲಿ ಇಂಥದೊಂದು ಕಾರನ್ನು ಕಟ್ಟುತ್ತಿದ್ದರು. ಜೊತೆಗೆ ಹದಿನಾರರ ಮೊಮ್ಮಗಳು. ನಾನು ವಿಜ್ಞಾನದ ಮೇಷ್ಟ್ರೆಂದು ತಿಳಿದ ಮೇಲೆ ಗ್ಯಾರೇಜಿನಲ್ಲಿ ನನಗಾಗಿ ಒಂದು ಸ್ಟೂಲು ಕಾಯಂ ಆಯಿತು.

ಕಾರಿನ ಒಡಲು 1929ರ ಮಾಡೆಲ್ ಎ. ಅದು ಕೂರುವ ಚಾಸಿ 1932ರ ಮಾದರಿಯದು. ಗೇರ್ ಪೆಟ್ಟಿಗೆ 1939ರದು. ಬ್ರೇಕುಗಳು 1940ರ ದಶಕದವು. ಏಕೆಂದರೆ ಫೋರ್ಡ್ ಕಾರುಗಳಿಗೆ ದ್ರವದೊತ್ತಡದ ಬ್ರೇಕ್ ಬಂದದ್ದೇ 1939ರಲ್ಲಿ. ಮುಂದಿನ ಅಚ್ಚುಮರವನ್ನು ಕಾಯಿಸಿ, ಬಗ್ಗಿಸಿ, ಎಳೆದು, ಕಾರಿನ ಮೂತಿ ನೆಲಕ್ಕೆ ಹತ್ತಿರವಾಗುವಂತೆ ಮಾಡಲಾಗಿತ್ತು. ನಮ್ಮೂರ ಕಮ್ಮಾರಸಾಲೆಯಲ್ಲಿ ಗಾಡಿಯ ಅಚ್ಚು ಕಾಯಿಸುತ್ತಿದ್ದುದನ್ನು ಕಂಡವರಿಗೆ ಅದೇನೂ ಅಪರಿಚಿತ ವಿದ್ಯೆಯಲ್ಲ. ಕಾರ್ಬ್ಯುರೇಟರುಗಳು ಸ್ಟ್ರಾಂಬರ್ಗ್ 97 ಎಂಬವು, ಎರಡು. ಗಾಳಿ ನುಗ್ಗುವ ಕಿರುಗಂಟಲಿನ ವ್ಯಾಸ 0.97 ಅಂಗುಲ, ಅದರಿಂದಲೇ ಆ ಹೆಸರು. ಚಾಸಿಯ ಎರಡು ಉದ್ದಪಟ್ಟಿಗಳು ಮಾತ್ರ ಈಚೆಗೆ ಹಳೆಯ ಅಳತೆಯಲ್ಲಿ ಒತ್ತಿ ತಯಾರಿಸಿದವು. ಅಸಲಿ ಪಟ್ಟಿಗಳ ಬೆಲೆ ಅವರ ನಿವೃತ್ತಿ ವೇತನಕ್ಕೆ ನಿಲುಕುವಂತಿರಲಿಲ್ಲ.

ಗೋಡೆಯ ಮೇಲೊಂದು ಚಿಕ್ಕ ಭಾವಚಿತ್ರ. ಅವರ ತಂದೆ ಯುದ್ಧದಿಂದ ಮರಳಿದ ಮೇಲೆ ಕಟ್ಟಿದ ಕಾರಿನ ಪಕ್ಕದಲ್ಲಿ ನಿಂತಿದ್ದಾರೆ. ಮಗ ಹುಟ್ಟಿದಾಗ ಸಂಸಾರದ ಖರ್ಚಿಗೆಂದು ಕಾರನ್ನು ಮಾರಿದರಂತೆ. ಆ ಮಗನೇ ಇವರು.

ಎಂಜಿನ್ 1946ರಿಂದ 48ರ ಅವಧಿಯದು. ಅದನ್ನು ಅವರು ಬಹಳ ಅಲೆದು ಸಂಪಾದಿಸಿದ್ದರು. ಪೂರ್ತಿ ಬಿಚ್ಚಿ, ತೊಳೆದು, ಪರೀಕ್ಷೆಗೆಂದು ಎಂಜಿನ್ ಕೊರೆಯುವ ಕಾರ್ಯಾಗಾರಕ್ಕೆ ಒಯ್ದ ದಿನ ನಾನೂ ಜೊತೆಗಿದ್ದೆ. ಅಲ್ಲಿ ಎರಕವನ್ನು ವಿದ್ಯುತ್ ಕಾಂತದಿಂದ ಕಾಂತೀಯಗೊಳಿಸಿ ಮೇಲೆ ಸಣ್ಣ ಕಬ್ಬಿಣದ ಪುಡಿಯನ್ನು ಉದುರಿಸಿದರು. ಕಾಗದದ ಕೆಳಗೆ ಕಾಂತವಿಟ್ಟು ಮೇಲೆ ಕಬ್ಬಿಣದ ಹುಡಿ ಚೆಲ್ಲುವ ಪ್ರಯೋಗವನ್ನು ನಾನು ಅದೆಷ್ಟು ತರಗತಿಗಳಿಗೆ ಮಾಡಿ ತೋರಿಸಿದ್ದೇನೋ! ಇಲ್ಲಿ ಅದೇ ಪ್ರಯೋಗ ಒಂದು ಎಂಜಿನ್ನಿನ ಆಯುಷ್ಯವನ್ನು ಹೇಳುತ್ತಿತ್ತು. ಎರಕದಲ್ಲಿ ಬಿರುಕಿದ್ದರೆ ಅದರ ಎರಡು ಅಂಚುಗಳು ಉತ್ತರ ದಕ್ಷಿಣ ಧ್ರುವಗಳಂತೆ ವರ್ತಿಸುತ್ತವೆ. ಪುಡಿ ಓಡಿಬಂದು ಅಲ್ಲಿ ಸಾಲುಗಟ್ಟುತ್ತದೆ. ಸಾಲುಗಟ್ಟಿತು. ಕವಾಟದ ಪೀಠದಿಂದ ಸಿಲಿಂಡರಿನೊಳಕ್ಕೆ ಎಳೆದ ಗೆರೆ. ಒಂದಲ್ಲ, ಮೂರು ಸಿಲಿಂಡರುಗಳಲ್ಲಿ.

ಇದು ಆ ಎಂಜಿನ್ನಿನ ಹುಟ್ಟು ದೋಷ. ಸುಟ್ಟ ಅನಿಲವು ಹೊರಗೆ ಹೋಗುವ ದಾರಿ ಎರಕದ ಒಳಗಿನಿಂದಲೇ, ಸಿಲಿಂಡರುಗಳ ಪಕ್ಕದಿಂದಲೇ ಹಾಯುತ್ತದೆ. ಆ ಕಾವನ್ನೆಲ್ಲ ತಣ್ಣೀರಿಗೆ ವರ್ಗಾಯಿಸಬೇಕಾದ ಕಾಲುವೆಗಳಲ್ಲಿ ತುಕ್ಕು ಕಟ್ಟಿಕೊಂಡರೆ ಎರಕ ಬಿರಿಯುತ್ತದೆ. ಸಣ್ಣ ಬಿರುಕಾದರೆ ಲೋಹದ ಮೊಳೆಗಳಿಂದ ಹೊಲಿದು ಉಳಿಸಿಕೊಳ್ಳುವುದುಂಟು. ಇದು ಆ ಹಂತವನ್ನು ಮೀರಿತ್ತು.

ಮನೆಗೆ ಹಿಂದಿರುಗುವ ದಾರಿಯಲ್ಲಿ ಯಾರೂ ಮಾತಾಡಲಿಲ್ಲ. ಮರುದಿನ ಹುಡುಗಿ ಅಜ್ಜನನ್ನು ಕೇಳಿದ ಪ್ರಶ್ನೆ ಇದು: “ಹೊಸ ಎಂಜಿನ್ನನ್ನು ಪೆಟ್ಟಿಗೆ ಸಮೇತ ತರಿಸಿದರೆ ಒಂದು ತಿಂಗಳಲ್ಲಿ ಕಾರು ಓಡುತ್ತದೆ. ಅಂದಿನ ಹುಡುಗರಿಗೆ ಅಂಥದು ಸಿಕ್ಕಿದ್ದರೆ ಬಿಡುತ್ತಿದ್ದರೇ ಅಜ್ಜಾ?”

ಪ್ರಶ್ನೆ ನ್ಯಾಯವಾದದ್ದು. 1955ರ ಮಾದರಿಯಲ್ಲಿ ಷೆವ್ರೊಲೆ ಕಂಪನಿಯ ಹಗುರವಾದ ವಿ-8 ಬಂದೊಡನೆ ಹಾಟ್ ರಾಡ್ ಕಟ್ಟುವವರು ಫ್ಲ್ಯಾಟ್‌ಹೆಡ್ಡನ್ನು ಕೈಬಿಡತೊಡಗಿದ್ದು ಇತಿಹಾಸ. ಅಗ್ಗವಾಗಿ ದೊರೆಯುವ ಉತ್ತಮವಾದುದನ್ನು ಬಳಸುವುದೇ ಅವರ ಸಂಪ್ರದಾಯ. ಅಂದು ಗುಜರಿಯಲ್ಲಿ ಪುಡಿಗಾಸಿಗೆ ದೊರೆಯುತ್ತಿದ್ದ ಸಾಮಾನಿಗೆ ಇಂದು ಚಿನ್ನದ ಬೆಲೆ. ಹಾಗಾದರೆ ದುಬಾರಿ ಬೆಲೆ ತೆತ್ತು ಹಳೆಯ ಕಬ್ಬಿಣವನ್ನು ಪೂಜಿಸುವುದು ಸಂಪ್ರದಾಯವೋ, ಅದರ ಅಣಕವೋ? ಈ ತೊಡಕು ಕಾರಿಗೆ ಮಾತ್ರ ಸೇರಿದ್ದಲ್ಲವೆಂಬುದು ಬಲ್ಲವರಿಗೆ ತಿಳಿದೇ ಇದೆ. ನಮ್ಮ ತೊಟ್ಟಿಮನೆಗಳ ಕಂಬಗಳನ್ನು ಕಿತ್ತು ತಂದು ಹೋಟೆಲಿನ ಮುಂಗಟ್ಟಿನಲ್ಲಿ ನಿಲ್ಲಿಸುವಾಗಲೂ ಇದೇ ಪ್ರಶ್ನೆ ಏಳಬೇಕು.

ಅಜ್ಜ ತಕ್ಷಣ ಉತ್ತರಿಸಲಿಲ್ಲ. ಸಂಜೆ ಹೇಳಿದರು: “ಖಂಡಿತ ಬಿಡುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ವೇಗ. ನನಗೆ ಬೇಕಾಗಿರುವುದು ನಮ್ಮಪ್ಪ ಏನನ್ನು ಮಾರಿದ ಎಂಬುದು.” ಇನ್ನೂ ಒಂದು ಮಾತು ಸೇರಿಸಿದರು. ಹೊಸ ಎಂಜಿನ್ನಾದರೆ ತಾವು ಅದನ್ನು ಜೋಡಿಸಬಲ್ಲರು, ಆದರೆ ಒಳಗೇನಿದೆಯೆಂದು ಮೊಮ್ಮಗಳಿಗೆ ತೋರಿಸಲಾರರು. ಕೈಗಳು ಆಗಲೇ ಸಣ್ಣಗೆ ನಡುಗತೊಡಗಿದ್ದವು. ಇನ್ನೊಂದು ಎರಕ ದೊರೆಯುವವರೆಗೆ ಕಾಯುವುದೆಂದರೆ ಅವರ ವಯಸ್ಸಿಗೆ ಸಣ್ಣ ಮಾತಲ್ಲ. ಆದರೂ ಕಾಯಲು ನಿರ್ಧರಿಸಿದರು.

ನನಗೆ ಅವರ ನಿರ್ಧಾರ ಸರಿಯೆಂದೇ ತೋರಿತು, ಆದರೆ ಬೇರೆ ಕಾರಣಕ್ಕೆ. ಮೂರ್ತದಿಂದ ಅಮೂರ್ತದೆಡೆಗೆ ಎಂದು ಬಿ.ಎಡ್. ತರಗತಿಯಲ್ಲಿ ನಮಗೆ ಕಲಿಸಿದ್ದರು. ಆದರೂ ನಾಲ್ಕು ಹೊಡೆತದ ಎಂಜಿನ್ನನ್ನು ಶಾಲೆಗಳಲ್ಲಿ ಕಲಿಸುವುದು ಕಪ್ಪುಹಲಗೆಯ ಚಿತ್ರದಿಂದಲೇ. ಹೀರಿಕೆ, ಸಂಪೀಡನ, ದಹನ, ನಿಷ್ಕಾಸ ಎಂದು ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ, ಅಂಕ ಪಡೆಯುತ್ತಾರೆ. ಆ ಹುಡುಗಿಯಾದರೋ ಬಿರಿದ ಎರಕದ ಮೇಲೆಯೇ ಬೆರಳಾಡಿಸಿ, ಅನಿಲ ಎಲ್ಲಿ ಒಳಬಂದು ಎಲ್ಲಿ ಹೊರಡುತ್ತದೆ, ಏಕೆ ಇಲ್ಲಿಯೇ ಬಿರಿಯುತ್ತದೆ ಎಂದು ನನಗೇ ಪಾಠ ಹೇಳಿದಳು. ಕೆಟ್ಟುಹೋದ ಎಂಜಿನ್ ಅವಳ ಪಾಲಿಗೆ ಪಠ್ಯಪುಸ್ತಕವಾಗಿತ್ತು. ಬೀಗಮುದ್ರೆಯೊತ್ತಿ ಬರುವ ಹೊಸ ಎಂಜಿನ್ನನ್ನು ಹೀಗೆ ಓದಲಾಗದು. ಕೈ ಕೆಸರಾದರೆ ಬಾಯಿ ಮೊಸರು ಎಂಬ ನಮ್ಮ ಗಾದೆಯನ್ನು ಅವರಿಗೆ ಅನುವಾದಿಸಿ ಹೇಳಿದೆ. ಗ್ರೀಸ್ ಮೆತ್ತಿದ ಕೈಗಳನ್ನು ನೋಡಿಕೊಂಡು ಇಬ್ಬರೂ ನಕ್ಕರು.

ಭಾರತದಲ್ಲಿ ಇಂಥ ಕಾರು ಕಟ್ಟಬಹುದೇ ಎಂದು ಊರಿಗೆ ಬಂದಮೇಲೆ ಮಿತ್ರರು ಕೇಳಿದರು. ರಸ್ತೆಯಲ್ಲಿ ಓಡಿಸುವುದಾದರೆ ಕಷ್ಟ. ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಹೇಳಿದೆ. 2021ರ ಪುರಾತನ ವಾಹನ ನಿಯಮಗಳು ಐವತ್ತು ವರ್ಷ ದಾಟಿದ ವಾಹನಗಳಿಗೆ ಪ್ರತ್ಯೇಕ ನೋಂದಣಿ ಕೊಡುತ್ತವೆಯಾದರೂ ಚಾಸಿ, ಒಡಲು, ಎಂಜಿನ್ನುಗಳನ್ನು ಗಣನೀಯವಾಗಿ ಬದಲಿಸಿರಬಾರದು. ಐದು ವರ್ಷಗಳ ಭಾಗಗಳನ್ನು ಒಂದಾಗಿಸಿದ ಕಾರು ಈ ಲೆಕ್ಕದಲ್ಲಿ ಹಳೆಯದೂ ಅಲ್ಲ, ಹೊಸದೂ ಅಲ್ಲ. ಬೀದಿಯ ಸುರಕ್ಷತೆಯ ದೃಷ್ಟಿಯಿಂದ ಈ ಕಟ್ಟುನಿಟ್ಟು ತಪ್ಪೆಂದು ನಾನು ಹೇಳಲಾರೆ.

2024ರ ಕೊನೆಯಲ್ಲಿ ಇನ್ನೊಂದು ಎರಕ ದೊರೆಯಿತೆಂದು ಸುದ್ದಿ ಬಂತು. ಕಬ್ಬಿಣದ ಪುಡಿ ಈ ಸಲ ಎಲ್ಲಿಯೂ ಸಾಲುಗಟ್ಟಲಿಲ್ಲ. ಪಿಸ್ಟನ್ನುಗಳನ್ನು ಇಳಿಸಿದವಳು, ಕವಾಟಗಳ ಎಡೆಯನ್ನು ಅಳೆದವಳು ಮೊಮ್ಮಗಳು. ಅಜ್ಜ ನನ್ನ ಹಳೆಯ ಸ್ಟೂಲಿನ ಮೇಲೆ ಕುಳಿತು ಹೇಳಿಕೊಟ್ಟರಂತೆ. ಆ ಎಂಜಿನ್ನಿನಲ್ಲಿ ಕಿಡಿ ಹೊತ್ತುವ ಸರದಿ 1-5-4-8-6-3-7-2. ಅವಳು ಅದನ್ನು ನಮ್ಮ ಮಕ್ಕಳು ಮಗ್ಗಿ ಒಪ್ಪಿಸುವ ರಾಗದಲ್ಲಿ ಫೋನಿನಲ್ಲಿ ಒಪ್ಪಿಸಿದಳು. ಕಾರು ಈಗ ಓಡುತ್ತದೆ. ಬಿಸಿಲೇರಿದರೆ ಕಾವು ಹೆಚ್ಚುವುದರಿಂದ ಬೆಳಗಿನ ತಂಪಿನಲ್ಲಿ ಮಾತ್ರ ಹೊರಡಿಸುತ್ತಾರೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಚೀಲ ಬದಿಗಿಟ್ಟು ಬಡಗಿ, ಕುಂಬಾರ ಮುಂತಾದ ಕಸುಬುದಾರರ ಬಳಿ ಕಲಿಯಲಿ ಎಂದು ಸೂಚಿಸಿತು. ನನ್ನದು ಅದಕ್ಕಿಂತ ಸಣ್ಣ ಬೇಡಿಕೆ. ಪ್ರತಿ ತಾಲ್ಲೂಕಿನಲ್ಲಿಯೂ ಗುಜರಿ ಅಂಗಡಿಯಿದೆ. ಪ್ರತಿ ಗುಜರಿಯಲ್ಲಿಯೂ ಕೆಟ್ಟ ಸ್ಕೂಟರಿನ ಎಂಜಿನ್ ಬಿದ್ದಿದೆ. ಪ್ರೌಢಶಾಲೆಗೊಂದರಂತೆ ತಂದು, ನಾಲ್ಕು ಸ್ಪ್ಯಾನರ್ ಜೊತೆಗಿಟ್ಟು, ಮಕ್ಕಳ ಕೈಗೆ ಒಪ್ಪಿಸೋಣ. ಅದು ಓಡಬೇಕಾಗಿಲ್ಲ, ನೋಂದಣಿಯೂ ಬೇಕಿಲ್ಲ. ಬಿಚ್ಚಿ ಮತ್ತೆ ಜೋಡಿಸಿದರೆ ಸಾಕು.